ಬರೆದವರ ಹೆಸರು: ಗೆಳೆಯರು

ನಮ್ಮ ವಾಟ್ಸಾಪ್ ಗುಂಪಿನ ಹೆಸರು ‘ಬಬಲೇಶ್ವರ ಹುಲಿಗಳು’. ಒಟ್ಟು ಹನ್ನೊಂದು ಹುಲಿ. ಎಲ್ಲರೂ ಹತ್ತನೇ ಇಯತ್ತೆ ತನಕ ಒಂದೇ ವರ್ಗದಲ್ಲಿ ಕೂತವರು, ಒಂದೇ ಮಾಸ್ತರರ ಕೈಯಲ್ಲಿ ಏಟು ತಿಂದವರು, ಒಂದೇ ಸೈಕಲ್ ಮೇಲೆ ಮೂವರು ಹತ್ತಿ ಮಮದಾಪುರ ಕೆರೆ ನೋಡಲು ಹೋಗಿ ಟೈರ್ ಒಡೆಸಿಕೊಂಡು ನಡೆದುಬಂದವರು. ಈಗ ಹುಲಿಗಳು ಬೆಂಗಳೂರು, ಪುಣೆ, ಹೈದರಾಬಾದ್, ದುಬೈ ಅಂತ ಹಂಚಿಹೋಗಿವೆ. ಊರಲ್ಲಿ ಉಳಿದವರು ನಾಲ್ಕೇ ಮಂದಿ.

ಗುಂಪು ಸತ್ತಿಲ್ಲ. ದಿನಾ ಮುಂಜಾನೆ ಏಳಕ್ಕೆ ಒಬ್ಬ ಸಿದ್ಧೇಶ್ವರ ಅಪ್ಪಗಳ ಮಾತು ಹಾಕುತ್ತಾನೆ. ಎಂಟಕ್ಕೆ ಇನ್ನೊಬ್ಬ ಗುಲಾಬಿ ಹೂವಿನ ಶುಭೋದಯ. ಯಾರದಾದರೂ ಹುಟ್ಟುಹಬ್ಬ ಬಂದರೆ ಹತ್ತು ಕೇಕು, ಹತ್ತು ಕೈ ಮುಗಿಯುವ ಚಿತ್ರ. ಕ್ರಿಕೆಟ್ ಇದ್ದ ದಿನ ಜಗಳ. ಹೀಗೆ ಹತ್ತು ವರ್ಷದಿಂದ ನಡೆದಿದೆ. ‘ನಮ್ಮಂಥ ದೋಸ್ತರು ಎಲ್ಲಿದ್ದಾರೆ?’ ಎಂದು ನಾನು ಆಫೀಸಿನಲ್ಲಿ ಜಂಬ ಕೊಚ್ಚಿಕೊಂಡದ್ದೂ ಉಂಟು.

ಗುಂಪಿನಲ್ಲಿ ಒಬ್ಬನಿಗೆ ನಾವು ‘ಸಾವಕಾರ’ ಅಂತೀವಿ. ಟಿಕೋಟಾ ಕಡೆ ಅವನದು ನಾಲ್ಕು ಎಕರೆ ದ್ರಾಕ್ಷಿ ತೋಟ. ಡಿಗ್ರಿ ಮುಗಿಸಿ ನಾವೆಲ್ಲ ಬಸ್ ಹತ್ತಿದಾಗ ಅವನೊಬ್ಬ ತೋಟಕ್ಕೆ ಹೋದ. ಫೆಬ್ರವರಿ, ಮಾರ್ಚ್‌ನಲ್ಲಿ ನಾವು ಊರಿಗೆ ಬಂದರೆ ಅವನ ಮಣೂಕ ಶೆಡ್ಡಿನಲ್ಲೇ ನಮ್ಮ ಸಭೆ. ಶೆಡ್ಡಿನೊಳಗೆ ಅಂತಸ್ತು ಅಂತಸ್ತಾಗಿ ಬಲೆ ಕಟ್ಟಿ, ಅದರ ಮೇಲೆ ಹಣ್ಣು ಹರವಿರುತ್ತಾರೆ. ನೆರಳಿನಲ್ಲಿ, ಗಾಳಿಗೆ, ಹದಿನೈದು ಇಪ್ಪತ್ತು ದಿನ ಒಣಗಬೇಕು. ಹಸಿರು ಬಣ್ಣ ಉಳಿದರೆ ತಾಸಗಾಂವ ಪೇಟೆಯಲ್ಲಿ ರಾಜನ ಬೆಲೆ. ನಡುವೆ ಒಂದು ಮಳೆ ಬಿದ್ದು ಕಪ್ಪಾದರೆ ಕೇಳುವವರಿಲ್ಲ.

ಈ ವರ್ಷ ಯುಗಾದಿಗೆ ಊರಿಗೆ ಹೊರಟು ವಿಜಯಪುರ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ನಮ್ಮೂರಿನ ಹಿರಿಯರೊಬ್ಬರು ಸಿಕ್ಕರು. ಅದು ಇದು ಮಾತಾಡಿ, ಕೊನೆಗೆ, “ನಿಮ್ಮ ದೋಸ್ತ ಗಿಡಾ ಎಲ್ಲಾ ಕಿತ್ತಿಸಿಬಿಟ್ಟನಲ್ರೀ, ಪಾಪ” ಅಂದರು. ನನಗೆ ಅರ್ಥವಾಗಲಿಲ್ಲ. “ಯಾವ ಗಿಡ?” ಅಂದೆ. ಅವರು ನನ್ನ ಮುಖ ನೋಡಿದ ರೀತಿ ಇನ್ನೂ ಮರೆತಿಲ್ಲ. “ಗೊತ್ತಿಲ್ಲೇನು? ನಾಕ ತಿಂಗಳಾತು!”

ಎರಡು ವರ್ಷ ಸಾಲಾಗಿ ಮಳೆ ಹೊಡೆದಿತ್ತು. ಒಂದು ವರ್ಷ ಹೂವಿನಲ್ಲಿ, ಇನ್ನೊಂದು ವರ್ಷ ಶೆಡ್ಡಿಗೆ ಹಾಕಿದ ಮೇಲೆ. ಬೋರ್ ಕೈಕೊಟ್ಟಿತ್ತು. ಮೊದಲು ಹೆಂಡತಿಯ ಬಂಗಾರ ಹೋಯಿತು, ಆಮೇಲೆ ಕೈಸಾಲ ಬಂತು. ಅಕ್ಟೋಬರ್ ಚಾಟ್ನಿಗೂ ರೊಕ್ಕ ಹುಟ್ಟದೆ, ನಾಲ್ಕರಲ್ಲಿ ಮೂರು ಎಕರೆ ಗಿಡ ಬುಡಸಮೇತ ಕಿತ್ತಿಸಿದ್ದ.

ಬಸ್ಸಿನಲ್ಲಿ ಕೂತು ಗುಂಪಿನ ಹಳೆಯ ಮಾತುಗಳನ್ನು ಮೇಲಕ್ಕೆ ಎಳೆಯುತ್ತಾ ಹೋದೆ. ಆ ನಾಲ್ಕು ತಿಂಗಳಲ್ಲಿ ಸಾವಕಾರ ಸುಮ್ಮನಿರಲಿಲ್ಲ. ನನ್ನ ಹುಟ್ಟುಹಬ್ಬಕ್ಕೆ ಕೇಕು ಹಾಕಿದ್ದ. ಕ್ರಿಕೆಟ್ ಜಗಳದಲ್ಲಿ ಎರಡು ಮಾತು ಆಡಿದ್ದ. ಗಿಡ ಕಿತ್ತಿಸಿದ ವಾರದಲ್ಲೇ ಯಾರೋ ಹಾಕಿದ ಹಾಸ್ಯಕ್ಕೆ ನಗುವ ಮುಖ ಒತ್ತಿದ್ದ.

ಆ ಸಂಜೆಯೇ ಅವನ ಮನೆಗೆ ಹೋದೆ. ಚಹಾ ಕುಡಿದೆವು. ಎಲ್ಲ ಮಾತು ಮುಗಿದ ಮೇಲೆ ಕೇಳಿದೆ:

“ಯಾಕಲೇ, ಒಂದ ಮಾತ ಹೇಳಬಾರದಾಗಿತ್ತೇನು?”

“ಎಲ್ಲಿ ಹೇಳಬೇಕಿತ್ತು?”

“ಗ್ರೂಪ್‌ನ್ಯಾಗ.”

“ಗ್ರೂಪ್‌ನ್ಯಾಗ ಏನಂತ ಹಾಕಲಿ? ಕಿತ್ತ ಗಿಡದ ಫೋಟೋ ಹಾಕಲೇನು? ನೀವೆಲ್ಲಾ ಕೈ ಮುಗಿಯೂ ಚಿತ್ರ ಹಾಕತಿದ್ರಿ. ಹತ್ತ ಮಂದಿ, ಇಪ್ಪತ್ತ ಕೈ. ಆಮ್ಯಾಲ ಎಂಟಕ್ಕ ಮತ್ತ ಗುಲಾಬಿ ಹೂವು.”

ಸಿಟ್ಟಿಲ್ಲದೆ ಹೇಳಿದ. ಅದಕ್ಕೇ ಜಾಸ್ತಿ ನಾಟಿತು.

ಮನೆಗೆ ಬಂದು ಅವ್ವನ ಮುಂದೆ ಹೇಳಿಕೊಂಡರೆ ಅಕಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ಕೂಡಿ ಕೆಲಸಾ ಮಾಡೂತನಕಾ ದೋಸ್ತಿ ತಮ್ಮಾ. ಆಮ್ಯಾಲ ಬರೇ ಪರಿಚಯ” ಅಂದಳು.

ಆ ರಾತ್ರಿ ನಿದ್ದೆ ಬರಲಿಲ್ಲ. ಮುತ್ಯಾ ಶಾಲಾ ಮಾಸ್ತರರಾಗಿದ್ದವರು. ಅವರ ಕಪಾಟಿನಲ್ಲಿ ಇನ್ನೂ ನಾಲ್ಕು ಸಾಲು ಪುಸ್ತಕ ಇವೆ. ಕೈಗೆ ಸಿಕ್ಕಿದ್ದು ‘ಗರತಿಯ ಹಾಡು’. ಶಾಲೆಯಲ್ಲಿ ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಹೆಸರು: ‘ಸಂಪಾದಕರು ಹಲಸಂಗಿ ಗೆಳೆಯರು, 1931, ಒಂದು ಅಂಕ’. ಅಷ್ಟೇ ಗೊತ್ತಿತ್ತು. ಆ ರಾತ್ರಿ ಮೊದಲ ಸಲ ಆ ಹೆಸರನ್ನು ನಿಧಾನವಾಗಿ ಓದಿದೆ. ಒಂದು ಪುಸ್ತಕಕ್ಕೆ ಲೇಖಕರ ಹೆಸರೇ ‘ಗೆಳೆಯರು’ ಎಂದಾಗುವುದು ಅಂದರೆ ಏನು?

ಹಲಸಂಗಿ ನಮ್ಮ ಜಿಲ್ಲೆಯದೇ ಊರು. ಆಗ ಇಂಡಿ ತಾಲೂಕು, ಈಗ ಚಡಚಣ ತಾಲೂಕು. ನಮ್ಮ ಬಬಲೇಶ್ವರ ಜಿಲ್ಲೆಯ ತೆಂಕಣ ತುದಿಗೆ, ಕೃಷ್ಣೆಯ ಕಡೆ. ಹಲಸಂಗಿ ಬಡಗಣ ತುದಿಗೆ, ಭೀಮೆಯ ಕಡೆ. 1920ರ ದಶಕದಲ್ಲಿ ಇದೆಲ್ಲ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕಚೇರಿ, ಪೇಟೆ, ಶಾಲೆಗಳಲ್ಲಿ ಮರಾಠಿಯ ಗತ್ತು. ಮನೆಯಲ್ಲಿ ಆಡುವ ಕನ್ನಡ ಓದು ಬರಹಕ್ಕೆ ಬರುವ ಭಾಷೆಯೇ ಅಲ್ಲ ಎನ್ನುವ ಸ್ಥಿತಿ. ಅದೇ ಹೊತ್ತಿಗೆ ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ಮನೆ ಮನೆ ತಿರುಗಿ ತಾಳೆಗರಿ ಕೂಡಿಸಿ ವಚನಗಳನ್ನು ಅಚ್ಚು ಹಾಕಿಸುತ್ತಿದ್ದರು. ‘ವಚನಶಾಸ್ತ್ರಸಾರ’ 1923ರಲ್ಲಿ ಬಂತು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, ಮರುವರ್ಷ ‘ಶಿವಾನುಭವ’ ಪತ್ರಿಕೆ. ತಾಳೆಗರಿಯಲ್ಲಿ ಇದ್ದದ್ದನ್ನು ಅವರು ಉಳಿಸಿದರು. ಯಾವ ಗರಿಯಲ್ಲೂ ಇಲ್ಲದ, ಬರೇ ಬಾಯಲ್ಲಿ ಇದ್ದದ್ದನ್ನು ಉಳಿಸಿದವರು ಹಲಸಂಗಿಯ ಹುಡುಗರು.

ಹುಡುಗರು ಅಂದದ್ದು ಸುಮ್ಮನೆ ಅಲ್ಲ. ಮುಖ್ಯವಾಗಿ ನಾಲ್ಕು ಹೆಸರು ಬರುತ್ತವೆ. ಚನ್ನಮಲ್ಲಪ್ಪ ಗಲಗಲಿ, ಅಂದರೆ ನಮಗೆಲ್ಲ ಗೊತ್ತಿರುವ ಮಧುರಚೆನ್ನ, ಹುಟ್ಟಿದ್ದು 1903. ಸಿಂಪಿ ಲಿಂಗಣ್ಣ, 1905. ಜೊತೆಗೆ ಕಾಪಸೆ ರೇವಪ್ಪ ಮತ್ತು ಪಿ. ಧೂಲಾಸಾಹೇಬ. ‘ಗರತಿಯ ಹಾಡು’ ಬಂದಾಗ ಮಧುರಚೆನ್ನರಿಗೆ ಇಪ್ಪತ್ತೆಂಟು, ಲಿಂಗಣ್ಣನವರಿಗೆ ಇಪ್ಪತ್ತಾರು. ಈಗ ನನಗಿರುವ ವಯಸ್ಸಿಗಿಂತ ಕಡಿಮೆ. ಮಧುರಚೆನ್ನರು ಕಾಲೇಜು ಮೆಟ್ಟಿಲು ಹತ್ತಿದವರಲ್ಲ, ಮುಲ್ಕಿ ಪರೀಕ್ಷೆ ತನಕದ ಓದು. ಉಳಿದದ್ದೆಲ್ಲ ತಾವೇ ಓದಿ ಕಲಿತದ್ದು. ಲಿಂಗಣ್ಣನವರು ಶಾಲಾ ಮಾಸ್ತರರು. ಹಿಂದೆ ಮಠವಿಲ್ಲ, ಸಂಸ್ಥಾನವಿಲ್ಲ, ವಿಶ್ವವಿದ್ಯಾಲಯವಿಲ್ಲ. (ಗಲಗಲಿ ಎಂಬ ಅಡ್ಡಹೆಸರು ನೋಡಿ ನನಗೆ ಖುಷಿಯಾಯಿತು. ನಮ್ಮೂರಿಂದ ಕೃಷ್ಣೆ ದಾಟಿದರೆ ಗಲಗಲಿಯೇ.)

ಇವರು ಮಾಡಿದ್ದು ಕೇಳಲು ಸರಳ. ತಮ್ಮ ಸೀಮೆಯ ಹೆಣ್ಣುಮಕ್ಕಳು ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಹಾಡುವ ತ್ರಿಪದಿಗಳನ್ನು ಕೇಳಿ ಬರೆದುಕೊಂಡರು. ತವರು, ತಾಯಿ, ಅಣ್ಣ ತಮ್ಮ, ಗಂಡ, ಕೂಸು. ಹೆಣ್ಣಿನ ಬಾಳಿನ ಒಂದೊಂದು ಮೂಲೆಗೆ ಒಂದೊಂದು ಹಾಡು. ಆಗ ಟೇಪ್ ರೆಕಾರ್ಡರ್ ಇಲ್ಲ. ಇದ್ದದ್ದು ಕಿವಿ, ಕಾಗದ, ಮತ್ತು ‘ಇದೂ ಕಾವ್ಯವೇ’ ಎಂಬ ನಂಬಿಕೆ. ಆ ನಂಬಿಕೆಯೇ ದೊಡ್ಡದು. ಓದಿದವರು ಪಂಪ, ರನ್ನ ಎನ್ನುತ್ತಿದ್ದ ಕಾಲದಲ್ಲಿ ಅಕ್ಷರ ಬಾರದ ಹೆಂಗಸಿನ ಹಾಡನ್ನು ಪುಸ್ತಕ ಮಾಡುವುದು ಹುಚ್ಚಾಟದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಮೈಸೂರು ಕಡೆಯ ಬಿ.ಎಂ. ಶ್ರೀಕಂಠಯ್ಯನವರು, ಧಾರವಾಡದ ಬೇಂದ್ರೆಯವರು ಅದರ ಬೆಲೆ ಗುರುತಿಸಿ ಪುಸ್ತಕಕ್ಕೆ ಮೊದಲ ಮಾತು ಬರೆದರು.

ತ್ರಿಪದಿ ಎಂದರೆ ಮೂರೇ ಸಾಲು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು 1300 ವರ್ಷದ ಹಿಂದೆ, ಬಂಡೆಗಲ್ಲಿನ ಮೇಲೆ ಕೆತ್ತಿದ ಛಂದಸ್ಸು ಅದು. ಸರ್ವಜ್ಞ ಹಾಡಿದ್ದೂ ಅದರಲ್ಲೇ. ನನ್ನ ಆಯಿ ಜೋಳ ಬೀಸುವಾಗ ಗುನುಗುತ್ತಿದ್ದದ್ದೂ ಅದನ್ನೇ. ಅಕಿಗೆ ತ್ರಿಪದಿ ಎಂಬ ಶಬ್ದ ಗೊತ್ತಿರಲಿಲ್ಲ.

ಆಯಿಯ ಮಾತು ಬಂದದ್ದಕ್ಕೆ ಒಂದು ಸಂಗತಿ ಹೇಳಬೇಕು. ಇಂಜಿನಿಯರಿಂಗ್ ಓದುವಾಗ ಒಮ್ಮೆ ಉತ್ಸಾಹ ಬಂದು, ಫೋನು ಹಿಡಿದು, “ಆಯಿ, ಬೀಸೂ ಹಾಡ ಹೇಳು, ರೆಕಾರ್ಡ್ ಮಾಡಕೋತೀನಿ” ಅಂದಿದ್ದೆ. ಅಕಿ ಬಾಯಿ ತೆರೆದು ಮುಚ್ಚಿದಳು. ಒಂದು ಸಾಲೂ ನೆನಪಾಗಲಿಲ್ಲ. “ಕಲ್ಲ ಬೇಕೋ ಯಪ್ಪಾ. ಗೂಟಾ ಹಿಡದ ಕೂತ್ರ ಬರತಾವು. ಬರೇ ಬಾಯಿಗೆ ಬರೂದಿಲ್ಲ” ಅಂದಳು. ಹಿತ್ತಲ ಮೂಲೆಯಲ್ಲಿದ್ದ ಬೀಸುಕಲ್ಲು ತೊಳೆದು ತಂದು ಇಟ್ಟೆ. ಅಕಿ ಗೂಟ ಹಿಡಿದಳು, ಎರಡು ಸುತ್ತು ತಿರುಗಿಸಿದಳು, ಮತ್ತೆ ನಿಲ್ಲಿಸಿದಳು. “ಎದುರಿಗೆ ಒಬ್ಬಾಕಿ ಬೇಕು” ಅಂದಳು. ಒಂದು ಕಲ್ಲಿಗೆ ಇಬ್ಬರು ಎದುರು ಬದುರು ಕೂತು ಬೀಸುತ್ತಿದ್ದರಂತೆ. ಒಬ್ಬಾಕಿ ಸಾಲು ಎತ್ತಿದರೆ ಇನ್ನೊಬ್ಬಾಕಿ ಹಿಡಿಯುವುದು. ಅಕಿಯ ಜೋಡಿ ಬೀಸುತ್ತಿದ್ದ ಗೆಳತಿ ತೀರಿಹೋಗಿ ಆಗಲೇ ಬಹಳ ವರ್ಷವಾಗಿತ್ತು. ಕೊನೆಗೆ ಅವ್ವ ಎದುರು ಕೂತಳು. ಹಾಡು ಬಂತು.

ಆ ದಿನ ಅದು ಬರೇ ತಮಾಷೆ ಅನಿಸಿತ್ತು. ‘ಗರತಿಯ ಹಾಡು’ ಕೈಯಲ್ಲಿ ಹಿಡಿದ ಆ ರಾತ್ರಿ ಬೇರೆ ಥರ ಕಂಡಿತು. ಆ ಹಾಡುಗಳು ಹುಟ್ಟಿದ್ದೂ ಕೂಡಿ ಮಾಡುವ ಕೆಲಸದಲ್ಲಿ, ಅವು ಪುಸ್ತಕವಾದದ್ದೂ ಕೂಡಿ ಮಾಡಿದ ಕೆಲಸದಿಂದ. ಹಲಸಂಗಿಯ ಗಂಡುಹುಡುಗರು ಒಂದಾದದ್ದು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂಡುವುದಕ್ಕಲ್ಲ. ಎಲ್ಲರೂ ಸೇರಿ ಮೂರನೆಯದೊಂದರ ಕಡೆ ಕಿವಿ ಕೊಟ್ಟರು.

ಅವರು ಒಂದು ಪುಸ್ತಕಕ್ಕೆ ನಿಲ್ಲಲೂ ಇಲ್ಲ. 1933ರಲ್ಲಿ ಲಾವಣಿಗಳ ಸಂಗ್ರಹ ‘ಜೀವನ ಸಂಗೀತ’ ಬಂತು. 1935ರಲ್ಲಿ ‘ಮಲ್ಲಿಗೆ ದಂಡೆ’. ಮೊದಲನೆಯದರಲ್ಲಿ ಧೂಲಾಸಾಹೇಬರ ದುಡಿಮೆ ದೊಡ್ಡದು, ಎರಡನೆಯದರಲ್ಲಿ ರೇವಪ್ಪನವರದು. ಲಾವಣಿ ಎಂದರೆ ನಮ್ಮ ಕಡೆಯ ಗಂಡಸರ ಹಾಡು. ಹರದೇಶಿ, ನಾಗೇಶಿ ಎಂದು ಎರಡು ಪಕ್ಷ ಕಟ್ಟಿ ರಾತ್ರಿಯಿಡೀ ಸವಾಲು ಜವಾಬು ನಡೆಯುತ್ತಿದ್ದ ಹಾಡು. ಅದನ್ನು ಕಟ್ಟಿದವರಲ್ಲಿ, ಹಾಡಿದವರಲ್ಲಿ ಹಿಂದೂ ಎಷ್ಟೋ ಮುಸಲ್ಮಾನರೂ ಅಷ್ಟೇ. ಕೂಡಿಸಿದ ಗೆಳೆಯರೂ ಹಾಗೇ ಇದ್ದರು. ಅವರ ಗೆಳೆತನದ ಬಗ್ಗೆ ಇಂದು ಭಾಷಣ ಮಾಡುವವರು ‘ಸೌಹಾರ್ದ’ ಎಂಬ ದೊಡ್ಡ ಪದ ಹಾಕುತ್ತಾರೆ. ಅವರಿಗೆ ಅದು ನಾಲ್ಕು ಮಂದಿ ಒಂದೇ ಊರಿನಲ್ಲಿ ಒಂದೇ ಹುಚ್ಚು ಹಚ್ಚಿಕೊಂಡ ಸಹಜ ಸಂಗತಿ ಆಗಿತ್ತು ಅಂತ ನನಗನಿಸುತ್ತದೆ.

ಎಲ್ಲರ ದಾರಿಯೂ ಒಂದೇ ಆಗಿರಲಿಲ್ಲ ಎಂಬುದನ್ನೂ ಹೇಳಬೇಕು. ಮಧುರಚೆನ್ನರ ಮನಸ್ಸು ಅಧ್ಯಾತ್ಮದ ಕಡೆ ಹರಿಯಿತು. ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’ ಎಂದು ತಮ್ಮ ಒಳಗಿನ ತಳಮಳವನ್ನೇ ಬರೆದರು. 1933ರಲ್ಲಿ ‘ನನ್ನ ನಲ್ಲ’ ಎಂಬ ಕಾವ್ಯ ಬಂತು. ಪುದುಚೇರಿಯ ಶ್ರೀ ಅರವಿಂದರನ್ನು ಗುರುವಾಗಿ ಕಂಡರು. ಐವತ್ತು ತುಂಬಿದ ವರ್ಷವೇ, 1953ರ ಆಗಸ್ಟ್ 15ರಂದು, ತೀರಿಕೊಂಡರು. ಅದು ಅರವಿಂದರು ಹುಟ್ಟಿದ ತಾರೀಖು. ಲಿಂಗಣ್ಣನವರು ಮುಂದೆ ನಾಲ್ವತ್ತು ವರ್ಷ ಬದುಕಿ ಜಾನಪದದ ಕೆಲಸ ಬಿಡದೆ ಮಾಡಿದರು. 1993ರಲ್ಲಿ ಕೊಪ್ಪಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದಾಗ ಅವರಿಗೆ ಎಂಬತ್ತೆಂಟು. ಅದೇ ವರ್ಷ ಅವರೂ ಹೋದರು. ಆದರೂ ಇವತ್ತಿಗೂ ಆ ಪುಸ್ತಕ ಯಾರದು ಎಂದರೆ ಕನ್ನಡ ನಾಡು ಹೇಳುವ ಹೆಸರು ‘ಹಲಸಂಗಿ ಗೆಳೆಯರು’.

ನಾನು ಕೆಲಸ ಮಾಡುವ ಜಗತ್ತು ಇದಕ್ಕೆ ಪೂರಾ ಉಲ್ಟಾ. ನಾವು ಬರೆಯುವ ಪ್ರೋಗ್ರಾಮಿನ ಒಂದೊಂದು ಸಾಲಿಗೂ ಬರೆದವನ ಹೆಸರು, ದಿನ, ಗಂಟೆ ದಾಖಲಾಗಿರುತ್ತದೆ. ಯಾವ ಸಾಲು ಯಾರದು ಎಂದು ತೋರಿಸಲು ಒಂದು ಆಜ್ಞೆ ಇದೆ. ಅದರ ಹೆಸರು ‘ಬ್ಲೇಮ್’, ಅಂದರೆ ತಪ್ಪು ಹೊರಿಸು. ಹೆಸರು ಹಾಕುವುದೇ ತಪ್ಪು ಹೊರಿಸಲು ಎಂದಾದ ಕಡೆ, ಹೆಸರನ್ನೇ ಕರಗಿಸಿಕೊಂಡವರ ಕಥೆ ಓದಿದರೆ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕಾಗುತ್ತದೆ.

ಹಲಸಂಗಿಯವರಿಗೆ ಒಂದು ದೊಡ್ಡಣ್ಣ ಇತ್ತು. ಧಾರವಾಡದ ‘ಗೆಳೆಯರ ಗುಂಪು’. 1922ರಲ್ಲಿ ದ.ರಾ. ಬೇಂದ್ರೆ ಕಟ್ಟಿದ್ದು. ಶಂ.ಬಾ. ಜೋಶಿ, ವಿ.ಕೃ. ಗೋಕಾಕ, ರಂ.ಶ್ರೀ. ಮುಗಳಿ, ಆನಂದಕಂದ ಹೀಗೆ ಮುಂದೆ ದೊಡ್ಡ ಹೆಸರಾದವರೆಲ್ಲ ಅದರಲ್ಲಿ ಇದ್ದರು. ಮಧುರಚೆನ್ನರೂ ಆ ಬಳಗದವರೇ. ಆಗ ಯಾರೂ ದೊಡ್ಡವರಲ್ಲ. ಬರೆದದ್ದನ್ನು ಒಬ್ಬರಿಗೊಬ್ಬರು ಓದಿ ಹೇಳುವುದು, ತಿದ್ದುವುದು, ಜಗಳಾಡುವುದು. ನವರಾತ್ರಿಯಲ್ಲಿ ನಾಡಹಬ್ಬ ಆಚರಿಸುವ ಪದ್ಧತಿ 1926ರಲ್ಲಿ ಬೇಂದ್ರೆಯವರಿಂದ ಶುರುವಾಯಿತು. ನಾವು ಶಾಲೆಯಲ್ಲಿ ನಾಡಹಬ್ಬಕ್ಕೆ ಬಣ್ಣದ ಕಾಗದ ಅಂಟಿಸುತ್ತಿದ್ದೆವಲ್ಲ, ಅದರ ಹಿಂದೆ ಇರುವುದು ಆ ಕಾಲದ ಹುರುಪು. ‘ಸಂಘ’ ಅನ್ನಬಹುದಿತ್ತು, ‘ಮಂಡಳ’ ಅನ್ನಬಹುದಿತ್ತು. ಅವರು ‘ಗೆಳೆಯರ ಗುಂಪು’ ಅಂದರು.

ಗೆಳೆತನವನ್ನೇ ಸಂಸ್ಥೆ ಮಾಡಿದವರು ಹೊರದೇಶದಲ್ಲೂ ಇದ್ದಾರೆ. ಕಂಪನಿ ಕೆಲಸಕ್ಕೆ ಆರು ತಿಂಗಳು ಅಮೆರಿಕಕ್ಕೆ ಹೋದಾಗ, ನಾನಿದ್ದ ಸಣ್ಣ ಊರಿನ ಹಳೆಯ ಇಟ್ಟಂಗಿ ಕಟ್ಟಡವೊಂದರ ನೆತ್ತಿಯ ಮೇಲೆ ಮೂರು ಕೊಂಡಿಯ ಸರಪಳಿ ಕೆತ್ತಿತ್ತು. ವಿಚಾರಿಸಿದರೆ ಅದು ‘ಆಡ್ ಫೆಲೋಸ್’ ಎಂಬ ಸಹೋದರ ಸಂಘದ ಗುರುತು. ಹೆಸರಿನ ಅರ್ಥ ಹೆಚ್ಚುಕಡಿಮೆ ‘ಲೆಕ್ಕಕ್ಕೆ ಸಿಗದ ಮಂದಿ’. ಮೂರು ಕೊಂಡಿ ಅಂದರೆ ಗೆಳೆತನ, ಪ್ರೀತಿ, ಸತ್ಯ. ಹುಟ್ಟಿದ್ದು ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ, ದುಡಿದು ತಿನ್ನುವ ಜನರ ನಡುವೆ. ಅಮೆರಿಕಕ್ಕೆ ಅದನ್ನು ತಂದವನು ಥಾಮಸ್ ವೈಲ್ಡಿ ಎಂಬ ಕಮ್ಮಾರ. ಇಂಗ್ಲೆಂಡಿನಿಂದ ಬಾಲ್ಟಿಮೋರ್ ಊರಿಗೆ ವಲಸೆ ಬಂದು, ಪರಿಚಯದವರಿಲ್ಲದೆ ಒಂಟಿಯಾಗಿ, ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ: ‘ಈ ಊರಲ್ಲಿ ನಮ್ಮ ಸಂಘದವರು ಯಾರಾದರೂ ಇದ್ದೀರಾ?’ ಎಂಬ ಅರ್ಥದ್ದು. 1819ರ ಏಪ್ರಿಲ್ 26ರಂದು ಒಂದು ಪಾನಗೃಹದಲ್ಲಿ ಸೇರಿದವರು ಐದೇ ಮಂದಿ. ಅಲ್ಲಿಂದ ಅದು ದೇಶವೆಲ್ಲ ಹರಡಿತು.

ಅವರಲ್ಲಿ ಗುಟ್ಟಿನ ಮಾತು, ಕೈಸನ್ನೆ, ಪ್ರಮಾಣ, ವೇಷ ಎಲ್ಲ ಇದ್ದವು. ಅದು ಕೇಳಿ ನನಗೆ ನಗು ಬಂದಿತ್ತು. ಆದರೆ ಅವರು ಸದಸ್ಯರ ಮೇಲೆ ಹೊರಿಸಿದ ಕೆಲಸ ಕೇಳಿ ನಗು ನಿಂತಿತು: ರೋಗಿಯನ್ನು ಹೋಗಿ ನೋಡುವುದು, ಕಷ್ಟದಲ್ಲಿದ್ದವನಿಗೆ ನೆರವಾಗುವುದು, ಸತ್ತವನನ್ನು ಮಣ್ಣು ಮಾಡುವುದು, ತಬ್ಬಲಿ ಮಗುವನ್ನು ಓದಿಸುವುದು. ವಿಮೆ, ಪಿಂಚಣಿ, ಸರಕಾರಿ ಆಸ್ಪತ್ರೆ ಇಲ್ಲದ ಕಾಲದಲ್ಲಿ ಕೂಲಿ ಮಾಡುವವನು ಹಾಸಿಗೆ ಹಿಡಿದರೆ ಮನೆ ಉಪವಾಸ. ವಾರದ ಚಂದಾ ಕೂಡಿಸಿಟ್ಟು, ಬಿದ್ದವನ ಮನೆಗೆ ಮುಟ್ಟಿಸುತ್ತಿದ್ದರು. ನೋಡಲು ಹೋಗುವುದು ಮನಸ್ಸು ಬಂದರೆ ಮಾಡುವ ಉಪಕಾರ ಆಗಿರಲಿಲ್ಲ. ಅದು ಕರ್ತವ್ಯ. ಯಾರು ಹೋಗಬೇಕು ಎಂಬುದೂ ಮೊದಲೇ ಗೊತ್ತಿರುತ್ತಿತ್ತು.

ಅವರಲ್ಲೂ ಹುಳುಕು ಇತ್ತು. ಬಿಳಿಯರ ಸಂಘಗಳು ಕಪ್ಪು ಜನರನ್ನು ಒಳಗೆ ಬಿಡಲಿಲ್ಲ. ಪೀಟರ್ ಆಗ್ಡೆನ್ ಎಂಬವನು ಇಂಗ್ಲೆಂಡಿನಿಂದಲೇ ಮಾನ್ಯತೆ ತಂದು 1843ರಲ್ಲಿ ಅಮೆರಿಕದ ಕಪ್ಪು ಜನರಿಗಾಗಿ ಬೇರೆ ಶಾಖೆ ಕಟ್ಟಬೇಕಾಯಿತು. ಗೆಳೆತನ ಎಂದು ಗೋಡೆಯ ಮೇಲೆ ಕೆತ್ತಿಸಿದವರಿಗೆ ಸಾಧ್ಯವಾಗದ್ದು, ಏನೂ ಕೆತ್ತಿಸದ ಹಲಸಂಗಿಯಲ್ಲಿ ತಾನೇ ಆಗಿತ್ತು ಎಂದು ನಾನು ಹೆಮ್ಮೆಪಡಬಹುದು. ಆದರೆ ನನ್ನ ಎದೆಯ ಮೇಲೆ ಕೂತಿದ್ದ ಪ್ರಶ್ನೆ ಬೇರೆ. ಹಲಸಂಗಿಯವರಿಗೆ ಹಾಡು ಕೂಡಿಸುವ ಕೆಲಸ ಇತ್ತು. ಧಾರವಾಡದವರಿಗೆ ನಾಡು ಕಟ್ಟುವ ಕೆಲಸ. ಬಾಲ್ಟಿಮೋರಿನ ಕಮ್ಮಾರನಿಗೆ ರೋಗಿಯ ಬಾಗಿಲು ತಟ್ಟುವ ಕೆಲಸ. ಆಯಿಗೂ ಅಕಿಯ ಗೆಳತಿಗೂ ಒಂದು ಸೇರು ಜೋಳ ಬೀಸುವ ಕೆಲಸ. ಹನ್ನೊಂದು ಹುಲಿಗಳಿಗೆ ಏನು ಕೆಲಸ?

ಮರುದಿನ ಒಂದು ಪಟ್ಟಿ ಮಾಡಿದೆ. ನಮ್ಮ ಆಫೀಸಿನಲ್ಲಿ ನಡುರಾತ್ರಿ ಸರ್ವರ್ ಬಿದ್ದರೆ ಯಾರು ಏಳಬೇಕು ಎಂಬುದಕ್ಕೆ ಪಾಳಿ ಇರುತ್ತದೆ. ಹೊಲಕ್ಕೆ ಕಾಲುವೆ ನೀರು ಬಿಡಲೂ ಪಾಳಿ ಇರುತ್ತದೆ. ಮನುಷ್ಯನಿಗೆ ಯಾಕೆ ಬೇಡ? ಹನ್ನೊಂದು ಹೆಸರು, ವಾರಕ್ಕೆ ಒಂದು ಫೋನು. ಪಟ್ಟಿಯಲ್ಲಿ ನಿನ್ನ ಮುಂದಿನವನಿಗೆ ನೀನು ಮಾಡಬೇಕು. ಮೆಸೇಜ್ ನಡೆಯದು, ಬಾಯಿಂದಲೇ ಕೇಳಬೇಕು. ‘ಆರಾಮ’ ಎಂಬ ಒಂದೇ ಉತ್ತರಕ್ಕೆ ಬಿಡಬಾರದು, ಎರಡನೇ ಸಲ ಕೇಳಬೇಕು. ಊರಲ್ಲಿ ಇದ್ದರೆ ಮನೆಗೇ ಹೋಗಬೇಕು. ಮುಂದಿನ ವಾರ ಪಟ್ಟಿ ಒಂದು ಮನೆ ಜಾರುತ್ತದೆ.

ಗುಂಪಿನಲ್ಲಿ ಹಾಕಿದೆ. ಮೊದಲು ಬಂದದ್ದು ನಗುವ ಮುಖಗಳೇ. “ಲೇ, ಹಾಜರಿ ಪುಸ್ತಕ ಬ್ಯಾರೆ ಇಡತೀ ಏನ?” ಅಂದ ಪುಣೆಯವನು. ದುಬೈಯವನು ಮೂರು ವಾರ ಮಾಡಿ ಬಿಟ್ಟ. ಇನ್ನೊಬ್ಬ ಶುರುವೇ ಮಾಡಲಿಲ್ಲ. ಸುಳ್ಳು ಹೇಳಬಾರದು, ಈಗ ನಿಯಮ ಪಾಲಿಸುವವರು ಎಂಟು ಮಂದಿ, ಅದೂ ತಪ್ಪಿ ತಪ್ಪಿ.

ಆದರೆ ಆರನೇ ವಾರ ಹೈದರಾಬಾದಿನವನು ಎರಡನೇ ಸಲ ಕೇಳಿದಾಗ, ಊರಲ್ಲಿರುವ ಒಬ್ಬ ತಂದೆಗೆ ಡಯಾಲಿಸಿಸ್ ಶುರುವಾಗಿದೆ ಎಂದು ಹೇಳಿದ. ವಾರಕ್ಕೆ ಎರಡು ಸಲ ವಿಜಯಪುರಕ್ಕೆ ಕರೆದೊಯ್ಯಬೇಕು, ಅವನಿಗೆ ರಜೆ ಸಿಗುವುದಿಲ್ಲ. ಈಗ ಗುರುವಾರದ ಪಾಳಿ ಸಾವಕಾರನದು. ಅವನ ಹಳೆಯ ಗಾಡಿಯಲ್ಲೇ ಕರೆದೊಯ್ಯುತ್ತಾನೆ. “ತೋಟದಾಗ ಈಗ ಕೆಲಸಾ ಕಡಿಮಿ ಐತಲ್ಲ” ಅಂತಾನೆ. ಉಳಿದ ಒಂದು ಎಕರೆಗೆ ಏಪ್ರಿಲ್ ಚಾಟ್ನಿ ಮಾಡಿಸಿದ ದಿನ ಊರಲ್ಲಿದ್ದ ಮೂವರೂ ಹೋಗಿದ್ದರು. ಚಾಟ್ನಿ ಬರದವರು ಕತ್ತರಿಸಿದ ಕಡ್ಡಿ ಹೊತ್ತು ಹಾಕಿದರಂತೆ. ಆ ದಿನ ಗುಂಪಿಗೆ ಬಂದ ಫೋಟೋಕ್ಕೆ ಯಾರೂ ಕೈ ಮುಗಿಯಲಿಲ್ಲ. “ನನಗ್ಯಾಕ ಕರೀಲಿಲ್ಲ?” ಎಂದು ಪುಣೆಯವನು ಜಗಳ ತೆಗ್ದ.

ಇನ್ನೊಂದು ಮಾತು ಹೇಳಿ ಈ ಸಲದ ಅಂಕಣ ಮುಗಿಸುತ್ತೇನೆ. ಪಟ್ಟಿ ಮಾಡಿದವನು ನಾನು. ಆದ್ದರಿಂದ ಕೇಳುವವನು ನಾನು, ಹೇಳಬೇಕಾದವರು ಬೇರೆಯವರು ಎಂದುಕೊಂಡಿದ್ದೆ. ಮೊದಲ ಎರಡು ತಿಂಗಳು ನನಗೆ ಯಾರೇ ಫೋನ್ ಮಾಡಿದರೂ ‘ಆರಾಮ’ ಅಂತಿದ್ದೆ, ಎರಡನೇ ಸಲ ಕೇಳಿದರೆ ‘ಭಾಳ ಆರಾಮ’ ಅಂತಿದ್ದೆ. ಹೋದ ಭಾನುವಾರ ರಾತ್ರಿ ಒಂಬತ್ತಕ್ಕೆ ಸಾವಕಾರನ ಫೋನು ಬಂತು.

“ಈ ವಾರ ನನ್ನ ಪಾಳಿ. ಹ್ಯಾಂಗದಿ?”

“ಆರಾಮ.”

“ಖರೇ ಹೇಳು.”

“ಭಾಳ ಆರಾಮ ಮಾರಾಯಾ.”

ಅವನು ಮಾತಾಡಲಿಲ್ಲ. ಫೋನ್ ಇಡಲೂ ಇಲ್ಲ. ಅವನ ಕಡೆಯಿಂದ ತೋಟದ ಜೀರುಂಡೆ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ, “ಮೂರನೇ ಸಲ ಕೇಳಬಾರದಂತ ನಿನ್ನ ಪಟ್ಟಿಯೊಳಗ ಬರದಿಲ್ಲಲ್ಲ?” ಅಂದ.

ಆಗ ಹೇಳಿದೆ. ಮೂರು ತಿಂಗಳಿಂದ ನನಗೆ ಪ್ರಾಜೆಕ್ಟ್ ಇಲ್ಲ. ನಮ್ಮವರು ಅದಕ್ಕೆ ‘ಬೆಂಚ್ ಮೇಲೆ ಇರೋದು’ ಅಂತಾರೆ. ದಿನಾ ಟೈಮಿಗೆ ಸರಿಯಾಗಿ ಆಫೀಸಿಗೆ ಹೋಗಿ, ಕಂಪ್ಯೂಟರ್ ತೆರೆದು, ಯಾರ ಮುಖವನ್ನೂ ನೋಡದೆ ಕೂತು ಬರುತ್ತೇನೆ. ಯಾವ ದಿನ ಕರೆದು ‘ಹೋಗಿ’ ಅಂತಾರೋ ಎಂಬ ಹೆದರಿಕೆ. ಮನೆಯ ಕಂತು ಇದೆ. ಅವ್ವನಿಗೂ ಹೇಳಿಲ್ಲ. ಇಷ್ಟನ್ನು ಹೇಳಲು ನನಗೆ ಮುಕ್ಕಾಲು ಗಂಟೆ ಬೇಕಾಯಿತು.

ಅವನು ಧೈರ್ಯ ಹೇಳಲಿಲ್ಲ, ಉಪದೇಶ ಮಾಡಲಿಲ್ಲ. ಪೂರಾ ಕೇಳಿ, “ಹೂಂ. ಮುಂದಿನ ವಾರ ಪಾಳಿ ಬ್ಯಾರೇದವರದು ಇರಲಿ, ನಾನೂ ಮಾಡತೀನಿ” ಅಂದ.